ಬೈಲಿ ಬಂದೀಖಾನೆಯಲ್ಲಿ ಒಂದು ಸಿನಿಮಾ ಪ್ರಶ್ನೆ

ಹೋದ ಬೇಸಿಗೆ ರಜೆಗೆ ತಂಗಿಯ ಮಗ ಬೆಂಗಳೂರಿನಿಂದ ಪಾಂಡವಪುರದ ನಮ್ಮ ಮನೆಗೆ ಬಂದಿದ್ದ. ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗ. ಬಂದ ಎರಡು ರಾತ್ರಿಯೂ ಊಟ ಮುಗಿಸಿ ಜೈಲಿನ ಸಿನಿಮಾಗಳನ್ನೇ ಹಾಕಿಕೊಂಡು ಕೂತ. ಎರಡನೆಯ ರಾತ್ರಿ ನಾನೂ ಪಕ್ಕದಲ್ಲಿ ಕೂತೆ. ಸ್ಟಲೋನ್ ಮತ್ತು ಶ್ವಾರ್ಜ್‌ನೆಗರ್ ಸೇರಿ ಮಾಡಿದ 2013ರ ‘ಎಸ್ಕೇಪ್ ಪ್ಲಾನ್’ ಓಡುತ್ತಿತ್ತು. ಯಾರೂ ತಪ್ಪಿಸಿಕೊಳ್ಳಲಾರದ ಜೈಲು, ಕಲ್ಲುಮನಸ್ಸಿನ ಜೈಲರು, ಒಳಗೆ ಸಿಗುವ ಒಬ್ಬ ಗಟ್ಟಿ ಗೆಳೆಯ, ಕಾವಲಿನವರ ಪಾಳಿ ಲೆಕ್ಕ ಹಾಕುವುದು, ಬೇಕೆಂದೇ ಎಬ್ಬಿಸುವ ಜಗಳ, ಕೊನೆಗೆ ಗುಂಡಿನ ಸುರಿಮಳೆ. ಅರ್ಧಕ್ಕೇ ಕೊನೆ ಏನೆಂದು ಗೊತ್ತಾಗಿತ್ತು. ಆದರೂ ನಾನು ಎದ್ದು ಹೋಗಲಿಲ್ಲ.

ಬೆಳಿಗ್ಗೆ, “ಬಾರ್ಲಾ, ನಿಜವಾದ ಜೈಲು ತೋರಿಸ್ತೀನಿ” ಎಂದು ಸ್ಕೂಟರಿನಲ್ಲಿ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆ.

ರಂಗನಾಥಸ್ವಾಮಿ ಗುಡಿಯಿಂದ ತುಸು ದೂರದಲ್ಲಿ, ಉತ್ತರದ ಕೋಟೆಗೋಡೆಗೆ ಒತ್ತಿಕೊಂಡಂತೆ, ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಕರ್ನಲ್ ಬೈಲಿ ಬಂದೀಖಾನೆ ಇದೆ. ಸುಮಾರು 100 ಅಡಿ ಉದ್ದ, 40 ಅಡಿ ಅಗಲ. ಇಟ್ಟಿಗೆ ಗಾರೆಯ ಕಮಾನು ಚಾವಣಿ. ಗೋಡೆಯಿಂದ ಮುಂದಕ್ಕೆ ಚಾಚಿದ ಕಲ್ಲುಚಪ್ಪಡಿಗಳು, ಅವುಗಳಲ್ಲಿ ತೂತುಗಳು. ಆ ತೂತಿಗೆ ಸರಪಳಿ ಹಾಕಿ ಕೈದಿಗಳನ್ನು ಕಟ್ಟುತ್ತಿದ್ದರು ಎನ್ನುತ್ತಾರೆ. 1799ರ ಮುತ್ತಿಗೆಯಲ್ಲಿ ಚಾವಣಿ ಒಡೆದುಕೊಂಡು ಒಳಗೆ ಬಿತ್ತೆನ್ನುವ ಒಂದು ಫಿರಂಗಿ ಇಂದಿಗೂ ಅಲ್ಲೇ ಮಲಗಿದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಣ್ಣಗಿತ್ತು. ಹುಡುಗ ಚಪ್ಪಡಿಯ ಎರಡು ತೂತಿಗೂ ಕೈ ಹಾಕಿ ಫೋಟೋ ತೆಗೆಸಿಕೊಂಡ. ಆಮೇಲೆ ಕೇಳಿದ:

“ಮಾವ, ಇಲ್ಲಿಂದ ಯಾರು ಎಸ್ಕೇಪ್ ಆದ್ರು?”

ಈ ಪ್ರಶ್ನೆ ನನಗೆ ಹೊಸದಲ್ಲ. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು. ಹೆಚ್ಚುಕಮ್ಮಿ ಪ್ರತಿ ವರ್ಷ ಮಕ್ಕಳನ್ನು ಇಲ್ಲಿಗೆ ಕರೆತಂದಿದ್ದೇನೆ. ನಾನೇ ಹುಡುಗನಾಗಿದ್ದಾಗ ಶಾಲೆಯ ಪ್ರವಾಸದಲ್ಲಿ ಬಂದಿದ್ದೆ. ಆಗ ಗೈಡೊಬ್ಬರು, ಕೈದಿಗಳನ್ನು ಇಲ್ಲಿ ಕಟ್ಟಿಹಾಕಿ ಕಾವೇರಿ ನೀರು ಬಿಡುತ್ತಿದ್ದರು, ನೀರು ಕುತ್ತಿಗೆವರೆಗೆ ಏರುತ್ತಿತ್ತು ಎಂದು ಹೇಳಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೊಡ್ಡವನಾಗಿ ಮೇಷ್ಟರಾದ ಮೇಲೆ ಅದೇ ಕಥೆಯನ್ನು, ಅದೇ ಜಾಗದಲ್ಲಿ ನಿಂತು, ದನಿ ತಗ್ಗಿಸಿ ನನ್ನ ಮಕ್ಕಳಿಗೂ ಹೇಳಿದೆ. ಇಡೀ ವರ್ಷ ಪಾಠ ಕೇಳದ ಹುಡುಗರೂ ಆ ಹೊತ್ತಿನಲ್ಲಿ ಪಿಳಿಪಿಳಿ ನೋಡುತ್ತಾ ನಿಲ್ಲುತ್ತಿದ್ದರು. ಅದು ನಿಜವೇ ಎಂದು ನಾನು ಒಮ್ಮೆಯೂ ವಿಚಾರಿಸಲಿಲ್ಲ.

ನಿವೃತ್ತಿಯಾದ ಮೇಲೆ ಬಿಡುವು ಸಿಕ್ಕಿತು. ಆ ಸೆರೆಯಾಳುಗಳೇ ಬರೆದ, ಬರೆಸಿದ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಒಂದೊಂದಾಗಿ ಓದತೊಡಗಿದೆ. ನಾನು ಓದಿದ ಯಾವುದರಲ್ಲೂ ಕುತ್ತಿಗೆವರೆಗಿನ ನೀರು ಸಿಗಲಿಲ್ಲ. ಸಿಕ್ಕಿದ್ದು ಬೇರೆ.

ಮೊದಲು ಬೈಲಿಯ ಸಂಗತಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಕರ್ನಲ್ ವಿಲಿಯಂ ಬೈಲಿಯ ಪಡೆಯನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದು ನುಚ್ಚುನೂರು ಮಾಡಿದರು. ಸುಮಾರು 3,800 ಜನರ ಪಡೆ ಅದು, ಬಹುಪಾಲು ಮದ್ರಾಸಿನ ಕಡೆಯ ಸಿಪಾಯಿಗಳು. ಬೈಲಿ ಗಾಯಗೊಂಡು ಶರಣಾದ. ಆ ಯುದ್ಧವನ್ನು ಶ್ರೀರಂಗಪಟ್ಟಣದಲ್ಲೇ ನೋಡಬಹುದು. ದರಿಯಾ ದೌಲತ್‌ನ ಗೋಡೆಯ ಮೇಲಿನ ದೊಡ್ಡ ಚಿತ್ರದಲ್ಲಿ ಬೈಲಿ ಪಲ್ಲಕ್ಕಿಯೊಳಗೆ ಕೂತು ಬಾಯಿಗೆ ಬೆರಳು ಇಟ್ಟುಕೊಂಡಿದ್ದಾನೆ, ಸುತ್ತಲೂ ಅವನ ಸೈನಿಕರು ಚೌಕ ಕಟ್ಟಿ ನಿಂತಿದ್ದಾರೆ. ಮೈಸೂರಿನ ಚಿತ್ರಗಾರ ಅವನನ್ನು ರಾಕ್ಷಸನಂತೆ ಬರೆಯಲಿಲ್ಲ, ಪಾಪದವನಂತೆ ಬರೆದ. ಸೆರೆಯಾಗಿ ಬಂದ ಬೈಲಿ 1782ರ ನವೆಂಬರ್‌ನಲ್ಲಿ ಇಲ್ಲೇ ಸತ್ತ. ಬಂದೀಖಾನೆಗೆ ಅವನ ಹೆಸರು ನಿಂತಿತು.

ಅವನ ಜೊತೆ ಸಿಕ್ಕಿಬಿದ್ದವರಲ್ಲಿ ಡೇವಿಡ್ ಬೇರ್ಡ್ ಎಂಬ ತರುಣ ಕ್ಯಾಪ್ಟನ್ ಇದ್ದ. ಗಾಯ ಮಾಯದ ಕಾಲಿಗೆ ಬೇಡಿ ಹಾಕಿಸಿಕೊಂಡು ಮೂರು ವರ್ಷ ಎಂಟು ತಿಂಗಳಷ್ಟು ಕಾಲ ಇಲ್ಲಿ ಕಳೆದ. ಕೈದಿಗಳನ್ನು ಜೋಡಿಜೋಡಿಯಾಗಿ ಸರಪಳಿಯಲ್ಲಿ ಬಿಗಿದಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿಗೆ ತಲುಪಿದಾಗ ಅವನ ತಾಯಿ, ನನ್ನ ಮಗನ ಜೊತೆ ಬಿಗಿಸಿಕೊಂಡವನ ಗತಿಯೇನೋ ಎಂದು ಮರುಗಿದಳೆಂಬ ಕಥೆ ಪ್ರಸಿದ್ಧ. ಮಗನ ಸ್ವಭಾವ ತಾಯಿಗೆ ಚೆನ್ನಾಗಿ ಗೊತ್ತಿತ್ತು.

ಆ ಅಧಿಕಾರಿಗಳ ಬರಹದಲ್ಲಿ ಕಾಣುವುದು ನೆಲಮಾಳಿಗೆಗಿಂತ ಹೆಚ್ಚಾಗಿ ಒಂದು ಅಂಗಳ, ಅದರ ಸುತ್ತ ಎತ್ತರದ ಗೋಡೆ, ಗೋಡೆಗೆ ಒರಗಿಸಿದ ಮಾಡು. ದಿನದ ಖರ್ಚಿಗೆ ಸಣ್ಣ ಚಿನ್ನದ ಹಣದ ಲೆಕ್ಕದಲ್ಲಿ ಭತ್ಯೆ ಸಿಗುತ್ತಿತ್ತು. ಅದರಲ್ಲಿ ಅಕ್ಕಿ, ಮಾಂಸ, ಬಟ್ಟೆ ಎಲ್ಲವೂ ಆಗಬೇಕು. ಉಳಿದದ್ದು ಕಾಯಿಲೆ, ಬೇಡಿ, ಬೇಸರ, ಹೊರಗಿನ ಸುದ್ದಿಗಾಗಿ ಕಾಯುವುದು. ಗೆಳೆಯರು ಒಬ್ಬೊಬ್ಬರಾಗಿ ಸಾಯುತ್ತಿದ್ದರು. 1783ರಲ್ಲಿ ಬಿದನೂರಿನಲ್ಲಿ ಶರಣಾದ ಜನರಲ್ ಮ್ಯಾಥ್ಯೂಸನೂ ಸೆರೆಯಲ್ಲೇ ಸತ್ತ. ವಿಷ ಹಾಕಿದರೆಂದು ಇಂಗ್ಲಿಷರು ನಂಬಿದರು. ಯಾರೂ ಸುರಂಗ ಕೊರೆಯಲಿಲ್ಲ. ಬೇರ್ಡ್‌ನ ಬೇಡಿ ಬಿಚ್ಚಿದ್ದು ಕಾಗದದಿಂದ. 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಒಪ್ಪಂದವಾಯಿತು, ಬದುಕುಳಿದವರು ಬಾಗಿಲಿನಿಂದಲೇ ನಡೆದು ಹೊರಗೆ ಹೋದರು. ಸಿನಿಮಾಕ್ಕೆ ಇದು ಸಾಲದು.

ಸಾಲದ್ದನ್ನು ಲಂಡನ್ನಿನವರು ತುಂಬಿಸಿದರು. 1788ರಿಂದಲೇ ಮೈಸೂರು ಸೆರೆಯ ಕಥನಗಳು ಅಚ್ಚಾಗತೊಡಗಿದವು. ಆಸ್ಟ್ಲಿಯ ಸರ್ಕಸ್ ರಂಗದಲ್ಲಿ ಕುದುರೆ, ಮದ್ದುಗುಂಡು ಸಮೇತ ಟಿಪ್ಪುವಿನ ಆಟಗಳು ನಡೆದವು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯೊಡೆದು ಒಳಗೆ ನುಗ್ಗಿದ ಪಡೆಯ ಮುಂದೆ ಇದ್ದವನು ಇದೇ ಬೇರ್ಡ್. ಕಥೆಗಾರರಿಗೆ ಇನ್ನೇನು ಬೇಕು? ಹಿಂದಿನ ಕೈದಿಯೇ ಬಂದು ಜೈಲು ಒಡೆದ. ಮರುವರ್ಷವೇ ಕೆರ್ ಪೋರ್ಟರ್ ಎಂಬ ಯುವಕ ಆ ದಾಳಿಯ ಬೃಹತ್ ಚಿತ್ರವನ್ನು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ಜನ ದುಡ್ಡು ಕೊಟ್ಟು ನೋಡಿದರು. ಆಗಿನ ಕಾಲದ ದೊಡ್ಡ ಪರದೆ ಅದು.

ಇನ್ನೊಂದು ಚಿತ್ರವಿದೆ. ಬೇರ್ಡ್‌ನ ಹೆಂಡತಿ, ಗಂಡ ತೀರಿಕೊಂಡ ಮೇಲೆ ಡೇವಿಡ್ ವಿಲ್ಕಿ ಎಂಬ ಕಲಾವಿದನಿಂದ ಬರೆಸಿದ್ದು. 1839ರಲ್ಲಿ ಮುಗಿಯಿತು. ಟಿಪ್ಪುವಿನ ಶವ ಸಿಕ್ಕ ಗಳಿಗೆ. ಬೇರ್ಡ್ ಪಂಜಿನ ಬೆಳಕಿನಲ್ಲಿ ಎದೆಯುಬ್ಬಿಸಿ ನಿಂತಿದ್ದಾನೆ. ಅವನ ಕಾಲ ಕೆಳಗೆ ಗೋಡೆಯಲ್ಲೊಂದು ಸರಳಿನ ಕಿಟಕಿ. ತಾನೇ ಸೆರೆಯಿದ್ದ ಬಂದೀಖಾನೆಯ ಕಿಟಕಿ ಅದು ಎಂಬ ಸೂಚನೆ. ಹದಿನೈದು ವರ್ಷದ ಅಂತರದ ಎರಡು ಘಟನೆಗಳನ್ನು ವಿಲ್ಕಿ ಒಂದೇ ಚೌಕಟ್ಟಿನಲ್ಲಿ ಮೇಲೆ ಕೆಳಗೆ ಕೂರಿಸಿದ. ನಾನು ನೋಡಿದ ಎಷ್ಟೋ ಸಿನಿಮಾಗಳ ಕೊನೆಯ ದೃಶ್ಯ ಇದೇ.

ಅಲ್ಲಿಂದ ಮುಂದೆ ನಿಲ್ಲಲಿಲ್ಲ. 1868ರ ‘ದಿ ಮೂನ್‌ಸ್ಟೋನ್’ ಪತ್ತೇದಾರಿ ಕಾದಂಬರಿ ಶುರುವಾಗುವುದೇ ಶ್ರೀರಂಗಪಟ್ಟಣದ ಲೂಟಿಯಿಂದ. ಬರೆದವನ ಹೆಸರು ವಿಲ್ಕಿ ಕಾಲಿನ್ಸ್; ಆ ‘ವಿಲ್ಕಿ’ ಬಂದದ್ದು ಇದೇ ಕಲಾವಿದನಿಂದ. 1997ರಲ್ಲಿ ಬರ್ನಾರ್ಡ್ ಕಾರ್ನ್‌ವೆಲ್ ಬರೆದ ‘ಶಾರ್ಪ್ಸ್ ಟೈಗರ್’ನಲ್ಲಂತೂ ಪೂರ್ತಿ ಮಸಾಲೆ ಇದೆ. ಕಲ್ಪಿತ ಸೈನಿಕ ಶಾರ್ಪ್ ಟಿಪ್ಪುವಿನ ನೆಲಮಾಳಿಗೆಯಲ್ಲಿ ಸೆರೆ ಬೀಳುತ್ತಾನೆ. ಕಾವಲಿಗೆ ಹುಲಿ. ಹೀರೋ ತಪ್ಪಿಸಿಕೊಂಡು ಟಿಪ್ಪುವನ್ನೂ ಕೊಲ್ಲುತ್ತಾನೆ. ನಮ್ಮ ಗೈಡಿನ ನೀರು, ಕಾರ್ನ್‌ವೆಲ್‌ನ ಹುಲಿ, ನನ್ನ ತಗ್ಗಿಸಿದ ದನಿ, ಮೂರೂ ಒಂದೇ ಅಂಗಡಿಯ ಸರಕು ಎಂದು ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ.

ಹಾಗಾದರೆ ನಿಜಕ್ಕೂ ಯಾರೂ ತಪ್ಪಿಸಿಕೊಳ್ಳಲಿಲ್ಲವೇ? ತಪ್ಪಿಸಿಕೊಂಡರು. ಹುಡುಗನಿಗೆ ಎಳನೀರು ಕೊಡಿಸಿ, ಜಲದ್ವಾರದ ಬಳಿ ನೆರಳಿನಲ್ಲಿ ಕೂತು ಇಬ್ಬರ ಕಥೆ ಹೇಳಿದೆ.

ಮೊದಲನೆಯವನು ಜೇಮ್ಸ್ ಸ್ಕರಿ. ‘ಹ್ಯಾನಿಬಲ್’ ಎಂಬ ಹಡಗಿನಲ್ಲಿದ್ದ ಹುಡುಗ, ನನ್ನ ಮುಂದೆ ಕೂತವನಿಗಿಂತ ಹೆಚ್ಚು ದೊಡ್ಡವನೇನಲ್ಲ. 1782ರಲ್ಲಿ ಫ್ರೆಂಚರು ಹಡಗು ಹಿಡಿದರು. ಅವರ ನೌಕಾಪತಿ ಸಫ್ರೆನ್ ಕೈದಿಗಳನ್ನು ಹೈದರನಿಗೆ ಒಪ್ಪಿಸಿಬಿಟ್ಟ. ಎಳೆಯ ಹುಡುಗರನ್ನು ಬೇರೆ ಮಾಡಿ, ಬಲವಂತವಾಗಿ ಸುನ್ನತಿ ಮಾಡಿಸಿ, ಹೊಸ ಹೆಸರಿಟ್ಟು, ಚೇಲಾ ಪಡೆಗೆ ಸೇರಿಸಿದರು. 1784ರ ಒಪ್ಪಂದದಲ್ಲಿ ಬೇರ್ಡ್‌ನಂಥವರು ಹೊರಟರೂ ಈ ಹುಡುಗರು ಉಳಿದುಬಿಟ್ಟರು. ಒಟ್ಟು ಹತ್ತು ವರ್ಷ. ಅಷ್ಟರಲ್ಲಿ ಅವನಿಗೆ ಇಲ್ಲೇ ಮದುವೆ ಮಾಡಿದ್ದರು, ಸಂಸಾರವಾಗಿತ್ತು. ಮೂರನೇ ಮೈಸೂರು ಯುದ್ಧದ ಗೊಂದಲದಲ್ಲಿ ಅವನು ತಪ್ಪಿಸಿಕೊಂಡ. ಇಂಗ್ಲೆಂಡಿಗೆ ಹೋದಾಗ ಕುರ್ಚಿಯ ಮೇಲೆ ಕೂರುವುದು, ಚಾಕು ಫೋರ್ಕು ಹಿಡಿಯುವುದು ಮರೆತುಹೋಗಿತ್ತಂತೆ. ಅವನ ಕಥೆ 1824ರಲ್ಲಿ ಪುಸ್ತಕವಾಯಿತು.

ಹುಡುಗ ಸ್ವಲ್ಪ ಹೊತ್ತು ಸ್ಟ್ರಾ ಕಚ್ಚಿಕೊಂಡು ಕೂತಿದ್ದ. “ಅವ್ನ ಹೆಂಡ್ತಿ?” ಎಂದ.

“ಇಲ್ಲೇ ಉಳಿದ್ಲು.”

“ಆಮೇಲೆ?”

ಆಕೆ ಪುಸ್ತಕ ಬರೆಯಲಿಲ್ಲ ಕಣಪ್ಪಾ ಎಂದೆ. ಮೂವತ್ತು ವರ್ಷದಲ್ಲಿ ನನ್ನನ್ನು ಯಾವ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳುವಂತೆ ನಾನು ಕಥೆ ಹೇಳಿರಲಿಲ್ಲ.

ಎರಡನೆಯವನು ಧೋಂಡಿಯಾ ವಾಘ್. ಚನ್ನಗಿರಿ ಕಡೆಯವನು, ಹೈದರನ ಸೈನ್ಯದಲ್ಲಿದ್ದವನು. ಯುದ್ಧದ ನಂತರ ತನ್ನದೇ ದಂಡು ಕಟ್ಟಿಕೊಂಡು ಲೂಟಿಗೆ ಇಳಿದ. ಕೊನೆಗೆ ಟಿಪ್ಪುವಿನ ಕೈಗೆ ಸಿಕ್ಕ. ಟಿಪ್ಪು ಅವನ ಮತ ಬದಲಿಸಿ ಶ್ರೀರಂಗಪಟ್ಟಣದಲ್ಲಿ ಸೆರೆಗೆ ಹಾಕಿದ. 1799ರಲ್ಲಿ ಕೋಟೆ ಬಿದ್ದ ಗದ್ದಲದಲ್ಲಿ ಇವನು ಹೊರಬಿದ್ದ. ಇಂಗ್ಲಿಷರು ಗೆಲುವಿನ ಲೆಕ್ಕ ಹಾಕುತ್ತಿರುವಾಗ ಇವನು ಬಿದನೂರು ಸೀಮೆಯಲ್ಲಿ ಟಿಪ್ಪುವಿನ ಅಳಿದುಳಿದ ಸೈನಿಕರನ್ನು ಕೂಡಿಸಿಕೊಂಡು ‘ಉಭಯಲೋಕಾಧೀಶ್ವರ’ ಎಂದು ಬಿರುದು ಇಟ್ಟುಕೊಂಡ. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಬೆನ್ನುಹತ್ತಿ ತಿಂಗಳುಗಟ್ಟಲೆ ಅಲೆಯಬೇಕಾಯಿತು. 1800ರ ಸೆಪ್ಟೆಂಬರ್ 10ರಂದು ಈಗಿನ ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ. ಪೊಲ್ಲಿಲೂರಿನ ಸೆರೆಗೆ ಅಂದೇ ಸರಿಯಾಗಿ ಇಪ್ಪತ್ತು ವರ್ಷ ತುಂಬಿತ್ತು. ಅವನ ಸಾಮಾನಿನ ನಡುವೆ ಸಲಾಬತ್ ಖಾನ್ ಎಂಬ ನಾಲ್ಕು ವರ್ಷದ ಮಗು ಸಿಕ್ಕಿತು. ವೆಲ್ಲೆಸ್ಲಿ ಆ ಮಗುವನ್ನು ತನ್ನ ಡೇರೆಗೆ ತರಿಸಿಕೊಂಡು ಸಾಕಿದ, ಊರಿಗೆ ಹೊರಡುವಾಗ ಅದರ ಪಾಲನೆಗೆ ಹಣ ಬಿಟ್ಟುಹೋದ. ಹುಡುಗ ಬೆಳೆದು ಮೈಸೂರು ಅರಸರ ಚಾಕರಿಗೆ ಸೇರಿದ, 1822ರಲ್ಲಿ ಕಾಲರಾದಿಂದ ತೀರಿಕೊಂಡ.

“ಇದು ಸಿನಿಮಾ ಆಗ್ಬಹುದು ಮಾವ” ಎಂದ ಹುಡುಗ. ಆಗಬಹುದು. ಆದರೆ ಹೀರೋ ಯಾರು, ವಿಲನ್ ಯಾರು?

ಮರುದಿನ ಅವನನ್ನು ಕೆ.ಆರ್. ಪೇಟೆಗೆ, ಅವನ ಅಜ್ಜಿಯ ಮನೆಗೆ ಬಿಡಬೇಕಿತ್ತು. ಪಾಂಡವಪುರ ದಾಟಿದರೆ ಚಿನಕುರಳಿ. ಈ ಊರಿನ ಬಯಲಲ್ಲಿ 1771ರ ಮಾರ್ಚ್‌ನಲ್ಲಿ ಮರಾಠರು ಹೈದರನ ಸೈನ್ಯವನ್ನು ಚೆಲ್ಲಾಪಿಲ್ಲಿ ಮಾಡಿದರು. ಹೈದರ್ ಕುದುರೆಯೇರಿ ಶ್ರೀರಂಗಪಟ್ಟಣಕ್ಕೆ ಪಾರಾದ. ತರುಣ ಟಿಪ್ಪು ಭಿಕ್ಷುಕನ ವೇಷದಲ್ಲಿ ಕಾಲ್ನಡಿಗೆಯಲ್ಲಿ ಬಂದು ತಂದೆಯನ್ನು ಸೇರಿಕೊಂಡ ಎಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಸ್ಕೂಟರ್ ನಿಲ್ಲಿಸಿ ಅದನ್ನೂ ಹೇಳಿದೆ. ರಸ್ತೆಯ ಎರಡೂ ಬದಿ ಕಬ್ಬು, ಭತ್ತ. ಓಡಿಹೋದ ರಾಜಕುಮಾರನನ್ನು ಇತಿಹಾಸ ನೆನಪಿಟ್ಟಿದೆ. ಅವತ್ತು ಈ ಬಯಲಿನಿಂದ ಓಡಲಾಗದವರು ಎಷ್ಟು ಮಂದಿಯೋ.

ಶ್ರೀರಂಗಪಟ್ಟಣದ ಸೆರೆಯನ್ನು ಆ ನೂರಡಿ ನೆಲಮಾಳಿಗೆಯೊಳಗೆ ಹುಡುಕಿದ್ದೇ ನಮ್ಮ ತಪ್ಪು ಎಂದು ಈಗ ನನಗೆ ಅನ್ನಿಸುತ್ತದೆ. ಸೆರೆ ಅದರಾಚೆಗೂ ಇತ್ತು, ಅದಕ್ಕಿಂತ ಮೊದಲೂ ಇತ್ತು. 1734ರಲ್ಲಿ ದಳವಾಯಿಗಳು ಸಿಂಹಾಸನದ ಮೇಲಿದ್ದ ಚಾಮರಾಜ ಒಡೆಯರನ್ನೇ ಇಳಿಸಿ ಕಬ್ಬಾಳದುರ್ಗಕ್ಕೆ ಕಳಿಸಿದರು, ಅವರು ಅಲ್ಲೇ ತೀರಿಕೊಂಡರು. ಹೈದರನ ವಿರುದ್ಧ ತಿರುಗಿಬಿದ್ದ ಖಂಡೇರಾಯ ಸೋತಾಗ, ಅವನ ಪ್ರಾಣ ಉಳಿಸಬೇಕೆಂದು ಅರಮನೆಯ ಹೆಂಗಸರು ಬೇಡಿಕೊಂಡರಂತೆ. ಗಿಣಿಯ ಹಾಗೆ ಸಾಕುತ್ತೇನೆ ಎಂದು ಹೈದರ್ ಮಾತು ಕೊಟ್ಟನಂತೆ. ಮಾತಿಗೆ ತಪ್ಪಲಿಲ್ಲ. ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದ. ಒಡೆಯರ ಮನೆತನವೇ ಹೈದರ್ ಟಿಪ್ಪುವಿನ ಕಾಲದಲ್ಲಿ ಕಾವಲಿನಲ್ಲಿತ್ತು. 1799ರಲ್ಲಿ ರಾಜನನ್ನಾಗಿ ಮಾಡಲು ಇಂಗ್ಲಿಷರು ಹುಡುಕಿಕೊಂಡು ಹೋದಾಗ ಐದು ವರ್ಷದ ಮುಮ್ಮಡಿ ಕೃಷ್ಣರಾಜರು ಸಿಕ್ಕಿದ್ದು ಒಂದು ಬಡ ಮನೆಯಲ್ಲಿ.

ಮಂಗಳೂರು ಕಡೆಯ ಕ್ರೈಸ್ತರನ್ನು 1784ರಲ್ಲಿ ಘಟ್ಟ ಹತ್ತಿಸಿ ಹೆಂಗಸು ಮಕ್ಕಳ ಸಮೇತ ಶ್ರೀರಂಗಪಟ್ಟಣಕ್ಕೆ ತಂದರು. ಕೊಡವರನ್ನೂ ತಂದರು. ಎಷ್ಟು ಸಾವಿರ ಎಂಬುದಕ್ಕೆ ಇಂದಿಗೂ ಜಗಳವಿದೆ. ತಂದದ್ದು, ದಾರಿಯಲ್ಲಿ ಮತ್ತು ಇಲ್ಲಿ ಜನ ಸತ್ತದ್ದು ಜಗಳದ ವಿಷಯವಲ್ಲ. ಬಾರ್ಕೂರಿನ ಒಬ್ಬ ಸೆರೆಯಾಳು ಊರಿಗೆ ಮರಳಿದ ಮೇಲೆ ತಾನು ಕಂಡದ್ದನ್ನು ಕನ್ನಡದಲ್ಲೇ ಬರೆದಿಟ್ಟ. ಬೇರ್ಡ್, ಸ್ಕರಿಯರ ಪಕ್ಕದಲ್ಲಿಟ್ಟು ಓದಬೇಕಾದ ಅದರ ಹೆಸರನ್ನು ನಾನು ಮೇಷ್ಟರಾಗಿದ್ದಷ್ಟು ದಿನ ಕೇಳಿಯೇ ಇರಲಿಲ್ಲ. ಗಂಜಾಂನಲ್ಲಿ ಅಬ್ಬೆ ದುಬಾಯ್ 1800ರಲ್ಲಿ ಕಟ್ಟಿಸಿದ ಚರ್ಚು ಇನ್ನೂ ಇದೆ. ಅವನು ಬಂದದ್ದೇ ಹೀಗೆ ಚದುರಿಹೋದವರನ್ನು ಒಟ್ಟುಗೂಡಿಸಲು. ಪ್ರವಾಸದ ಬಸ್ಸು ಅಲ್ಲಿ ನಿಲ್ಲುವುದಿಲ್ಲ, ನಾನೂ ನಿಲ್ಲಿಸಲಿಲ್ಲ. ಮೇಲುಕೋಟೆಯ ಮಂಡಯಂ ಅಯ್ಯಂಗಾರರ ಮನೆಗಳಲ್ಲಿ ನರಕ ಚತುರ್ದಶಿಯಂದು ಹಬ್ಬವಿಲ್ಲ. ಟಿಪ್ಪು ತಮ್ಮವರನ್ನು ಅಂದು ಕೊಲ್ಲಿಸಿದ ಎಂಬ ನೆನಪು. ಇತಿಹಾಸಕಾರರು ಇದರ ಬಗ್ಗೆ ವಾದ ಮಾಡುತ್ತಾರೆ. ಆ ಮನೆಗಳಲ್ಲಿ ದೀಪ ಮಾತ್ರ ಹಚ್ಚುವುದಿಲ್ಲ.

ಒಂದೇ ಕಡೆಯವರು ಕೆಟ್ಟವರಾಗಿದ್ದರೆ ಕಥೆ ಸಲೀಸಾಗುತ್ತಿತ್ತು. ನನ್ನ ಹೆಂಡತಿಯ ತವರು ನಾಗಮಂಗಲ. 1792ರಲ್ಲಿ ಟಿಪ್ಪುವಿನ ಮೇಲೆ ಬಂದ ಮರಾಠರು ಆ ಊರನ್ನು ಹಾಳುಗೆಡವಿ, ಸುತ್ತಲಿನ ಒಂದೂವರೆ ಲಕ್ಷ ತೆಂಗಿನ ಮರ ಕಡಿದರೆಂದು ಗೆಜೆಟಿಯರ್ ದಾಖಲಿಸಿದೆ. ತೆಂಗು ಕಡಿಯುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ 1792ರಲ್ಲಿ ಟಿಪ್ಪು ತನ್ನ ಇಬ್ಬರು ಎಳೆಯ ಮಕ್ಕಳನ್ನು ಇಂಗ್ಲಿಷರಿಗೆ ಒತ್ತೆಯಾಗಿ ಕೊಡಬೇಕಾಯಿತು. 1799ರ ನಂತರ ಅವನ ಇಡೀ ಸಂಸಾರ ವೇಲೂರಿನ ಕೋಟೆಯಲ್ಲಿ ಸೆರೆ, 1806ರ ಸಿಪಾಯಿಗಳ ದಂಗೆಯ ನಂತರ ಕಲ್ಕತ್ತೆಗೆ. ನಿನ್ನೆ ಬಾಗಿಲು ಹಾಕಿದವರು ಇವತ್ತು ಒಳಗೆ. ಕೀಲಿ ಕೈ ಬದಲಾಯಿತು, ಜೈಲು ಹಾಗೇ ಉಳಿಯಿತು.

ಕೆ.ಆರ್. ಪೇಟೆ ತಲುಪಿದಾಗ ಮಧ್ಯಾಹ್ನ. ಬೀಗಿತ್ತಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಊಟದ ನಡುವೆ ಹುಡುಗ ಅಜ್ಜಿಗೆ ಬಂದೀಖಾನೆಯ ವರ್ಣನೆ ಶುರು ಮಾಡಿದ. ಫೋಟೋ ತೋರಿಸಿದ. ಈಗ ನೀರಿನ ಕಥೆ ಬರುತ್ತದೆ ಎಂದು ಕಾದೆ. ಅಲ್ಲಿ ಬೇರೆಯವರ ಜೊತೆ ಬಂದಿದ್ದ ಗೈಡು ಅದನ್ನೇ ಹೇಳುತ್ತಿದ್ದದ್ದು ಅವನ ಕಿವಿಗೂ ಬಿದ್ದಿತ್ತು. ಅವನು ಅದನ್ನು ಹೇಳಲಿಲ್ಲ. “ಅಜ್ಜೀ, ಒಬ್ಬ ಹುಡುಗ ಇದ್ನಂತೆ, ನನ್ನಷ್ಟೇ. ಹತ್ತು ವರ್ಷ ಆದ್ಮೇಲೆ ತಪ್ಪಿಸ್ಕೊಂಡು ಹೋದ್ನಂತೆ, ಹೆಂಡ್ತೀನ ಇಲ್ಲೇ ಬಿಟ್ಟು” ಎಂದ.

ಅಜ್ಜಿ ಸಾರಿನ ಸೌಟು ಹಿಡಿದುಕೊಂಡೇ ಕೇಳಿದರು, “ಅಯ್ಯೋ ಶಿವನೇ. ಆ ಹೆಣ್ಮಗಳಿಗೆ ತೌರು ಇತ್ತೇನಪ್ಪಾ?”

ಹುಡುಗ ನನ್ನ ಮುಖ ನೋಡಿದ. ನಾನು ತಟ್ಟೆ ನೋಡಿದೆ. ಮುಂದಿನ ಸಲ ಯಾರಾದರೂ ಮಕ್ಕಳನ್ನು ಆ ಮೆಟ್ಟಿಲು ಇಳಿಸಿಕೊಂಡು ಹೋದರೆ, ಕಥೆಯನ್ನು ಈ ಪ್ರಶ್ನೆಯಿಂದ ಶುರು ಮಾಡಬೇಕು.